ಪಲ್ಲಾವರಂ ಗೇಟಿನಲ್ಲಿ ನಾನಂದ ಮಾತು

ಎರಡು ಲಕೋಟೆಗಳು ಒಂದೇ ದಿನ ಬಂದವು. ಒಂದು ದಪ್ಪಗಿತ್ತು, ಒಂದು ತೆಳ್ಳಗಿತ್ತು. ತೆಳ್ಳಗಿನದು ನನ್ನದು.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿ ಕಾಯುತ್ತಿದ್ದವರಿಗೆಲ್ಲ ಲಕೋಟೆ ಒಡೆಯುವ ಮೊದಲೇ ವಿಷಯ ತಿಳಿಯುತ್ತಿತ್ತು. ಬೇಡ ಅನ್ನಲು ಒಂದು ಹಾಳೆ ಸಾಕು. ಬಾ ಅನ್ನಬೇಕಾದರೆ ಹಾಸ್ಟೆಲ್ಲಿನ ನಕ್ಷೆ ಕಳಿಸಬೇಕು, ಚಳಿಗೆ ಏನೇನು ತರಬೇಕೆಂದು ಪಟ್ಟಿ ಕೊಡಬೇಕು, ವೀಸಾ ಕೊಡುವವರಿಗೆ ತೋರಿಸಲು ಸಹಿ ಹಾಕಿದ ಪತ್ರ ಇಡಬೇಕು. ನಾನು ದಪ್ಪ ಲಕೋಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದೆ. ಒಳಗೆ ಏನೋ ಗಟ್ಟಿಯಾದ ರಟ್ಟಿತ್ತು.

ಅದು ನನ್ನ ಗೆಳತಿಯ ಹೆಸರಿಗೆ ಬಂದದ್ದು. ಅವಳ ಮನೆ ತ್ರಿಪ್ಲಿಕೇನ್‌ನಲ್ಲಿ, ಒಂದೇ ಬೀದಿಬಾಗಿಲಿನ ಹಿಂದೆ ಎಂಟು ಸಂಸಾರಗಳಿರುವ ವಠಾರದಲ್ಲಿ. ಅಲ್ಲಿ ಪೋಸ್ಟ್‌ಮನ್ ಎಲ್ಲರ ಕಾಗದಗಳನ್ನೂ ಬಾವಿಕಟ್ಟೆಯ ಮೇಲೆ ಇಟ್ಟು ಹೋಗಿಬಿಡುತ್ತಿದ್ದ. ಒಮ್ಮೆ ಅವಳ ಪರೀಕ್ಷೆಯ ಅಂಕಪಟ್ಟಿ ಯಾರದೋ ದೋಸೆಹಿಟ್ಟಿನ ಪಾತ್ರೆಯ ಮೇಲೆ ಮುಚ್ಚಳವಾಗಿತ್ತು. ಆ ಭಯಕ್ಕೆ ಅವಳು ಅರ್ಜಿಯಲ್ಲಿ ಪಲ್ಲಾವರಂನ ನಮ್ಮ ಮನೆಯ ವಿಳಾಸ ಕೊಟ್ಟಿದ್ದಳು. ಬೇಡ ಅನ್ನಲು ನನಗೆ ಕಾರಣವಿರಲಿಲ್ಲ. ಇಬ್ಬರೂ ಒಂದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್‌ಸಿ. ಮುಗಿಸಿದ್ದೆವು, ಒಂದೇ ಸೂಕ್ಷ್ಮದರ್ಶಕದಲ್ಲಿ ಕಡಲಪಾಚಿ ನೋಡಿದ್ದೆವು. ಇಂಗ್ಲೆಂಡಿನ ಒಂದೇ ವಿಶ್ವವಿದ್ಯಾಲಯದ ಒಂದೇ ಒಂದು ವಿದ್ಯಾರ್ಥಿವೇತನಕ್ಕೆ ಇಬ್ಬರೂ ಅರ್ಜಿ ಹಾಕಿದ್ದೆವು.

ಆ ವಿದ್ಯಾರ್ಥಿವೇತನದ ಸುದ್ದಿ ಅವಳಿಗೆ ಹೇಳಿದ್ದು ನಾನೇ. ಕಾಲೇಜಿನ ಗ್ರಂಥಾಲಯದ ಗೋಡೆಯಲ್ಲಿ, ಹಳೆಯ ಸೂಚನೆಗಳ ಅಡಿಯಲ್ಲಿ, ಅರ್ಧ ಮುಚ್ಚಿಹೋಗಿದ್ದ ಆ ಕರಪತ್ರವನ್ನು ಕಂಡವಳು ನಾನು. ಒಂದು ವಾರ ಯಾರಿಗೂ ಹೇಳದೆ ಇಟ್ಟುಕೊಂಡೆ. ಆಮೇಲೆ, ಇದೆಂಥ ಸಣ್ಣತನ ಅನ್ನಿಸಿ ಹೇಳಿಬಿಟ್ಟೆ. ನಾನು ಮಾಡಿದ ಸ್ಲೈಡುಗಳನ್ನು ನಮ್ಮ ಪ್ರಾಧ್ಯಾಪಕರು ಕೆಳಗಿನ ತರಗತಿಗಳಿಗೆ ತೋರಿಸುತ್ತಿದ್ದರು. ಅವಳ ಸ್ಲೈಡಿನಲ್ಲಿ ಗಾಳಿಗುಳ್ಳೆ ಇರದಿದ್ದ ದಿನವೇ ಇಲ್ಲ. ಆದರೆ ಅವಳ ಇಂಗ್ಲಿಷು ನೀರಿನಂತೆ ಹರಿಯುತ್ತಿತ್ತು. ಧಾರವಾಡದಲ್ಲಿ ಕನ್ನಡ ಶಾಲೆಯಲ್ಲಿ ಕಲಿತು, ವಿಮಾ ಕಚೇರಿಯ ಅಪ್ಪನ ವರ್ಗಾವಣೆಯ ಜೊತೆ ಒಂಬತ್ತನೆಯ ತರಗತಿಗೆ ಚೆನ್ನೈಗೆ ಬಂದ ನನ್ನ ಇಂಗ್ಲಿಷಿನಲ್ಲಿ ವ್ಯಾಕರಣ ಸರಿಯಿರುತ್ತಿತ್ತು, ಅಷ್ಟೆ. 'ನೀವು ಯಾಕೆ ಈ ವಿಷಯ ಓದಬಯಸುತ್ತೀರಿ' ಎಂಬ ಪ್ರಶ್ನೆಗೆ ನಾನು ಒಂದೂವರೆ ಪುಟ ಬರೆದೆ. ಅವಳು ಮರೀನಾದ ಅಲೆ ತಂದು ಹಾಕಿದ ಹಸಿರು ಎಳೆಯೊಂದನ್ನು ಆರು ವರ್ಷದವಳಿದ್ದಾಗ ಮನೆಗೆ ತಂದು ಅಜ್ಜಿಯ ಕೈಯಲ್ಲಿ ಬೈಸಿಕೊಂಡದ್ದನ್ನು ಬರೆದಳು. ಓದಿದಾಗಲೇ ನನಗೆ ಗೊತ್ತಾಗಿತ್ತು.

ಅಂದು ಅಡಿಗೆಮನೆಯಿಂದ ಅವ್ವ ಕೇಳಿದಳು.

"ಟಪಾಲು ಏನ್ ಬಂತವಾ?"

"ಆಕಿದು ಬಂದದ."

"ನಿಂದು?"

"ನಂದೂ ಬಂದದ."

"ಏನಂತ?"

"ಬ್ಯಾಡಂತ."

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಮುಖ ನೋಡಿದಳು. "ಹೋಗ್ಲಿ ಬಿಡು. ಆಕಿಗೆ ಮೊದಲ ಫೋನ್ ಮಾಡು. ತಡಾ ಮಾಡಿದ್ರ ಹೊಟ್ಟಿಕಿಚ್ಚು ಅಂತಾರ ಮಂದಿ."

ಮೂಲೆಯ ಅಂಗಡಿಗೆ ಹೋಗಿ ಆ ಗಳಿಗೆಯೇ ಫೋನ್ ಮಾಡಿದೆ. ಆ ವಿಷಯದಲ್ಲಿ ನನ್ನತ್ತ ಯಾರೂ ಬೆರಳು ತೋರಿಸಲಾರರು. ಆ ತುದಿಯಲ್ಲಿ ಅವಳು ಕಿರುಚಿದ್ದು, ವಠಾರದ ಎಂಟೂ ಮನೆಗಳಿಗೆ ಕೇಳುವಂತೆ ಅವಳ ಅಮ್ಮನನ್ನು ಕರೆದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನನಗೆ ಏನು ಬಂತೆಂದು ಅವಳು ಕೇಳಲು ಮರೆತಳು. ಮರೆತದ್ದು ಸಹಜ. ಆದರೂ ನಾನು ಅದನ್ನು ಎತ್ತಿಟ್ಟುಕೊಂಡೆ.

ಲಕೋಟೆ ಒಯ್ಯಲು ಅವಳು ಮರುದಿನ, ಶುಕ್ರವಾರ, ಬಂದಳು. ನಮ್ಮ ನಡುಮನೆಯಲ್ಲಿ ನೆಲದ ಮೇಲೆ ಕೂತು ಒಂದೊಂದೇ ಹಾಳೆ ತೆಗೆದು ಓದಿದಳು. ಅವಳದು ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಕನ್ನಡದ ವೈಷ್ಣವ ಮನೆತನ. ಹಿರಿಯರು ಮಾತಾಡಿದರೆ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. ಅವ್ವ ಧಾರವಾಡದ ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಹೇಳುವುದು, ಇಬ್ಬರಿಗೂ ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ದಪ್ಪನೆಯ ಕಾಲುಚೀಲ ನಾಲ್ಕು ಜೊತೆಯಂತೆ, ಕೊಡೆಯಂತೆ. "ಅಡಾಪ್ಟರ್‌ನ್ನಾ ಎನ್ನಡಿ?" ಅಡಾಪ್ಟರ್ ಅಂದರೇನು ಎಂದು ಕೇಳಿದಳು.

"ಗೊತ್ತಿಲ್ಲ," ಅಂದೆ. ಗೊತ್ತಿತ್ತು.

"ಅಲ್ಲಿ ಭಾಳ ಚಳಿ ಅಂತಲ್ಲವಾ," ಅವ್ವ ಅವಳ ತಲೆ ಸವರಿದಳು. "ನಿನಗ ಶೀತಾ ತಡಿಯೂದಿಲ್ಲ."

ಅವಳಿಗೆ ಚಳಿಯಾಗುತ್ತದೆ ಎಂಬುದಕ್ಕೂ ನಾನು ಕರುಬಿದೆ. ಚೆನ್ನೈನ ಏಪ್ರಿಲ್ ತಿಂಗಳಲ್ಲಿ, ಫ್ಯಾನಿನ ಬಿಸಿಗಾಳಿಯ ಕೆಳಗೆ, ಒಬ್ಬರು ಇನ್ನೊಬ್ಬರ ಮುಂದಿನ ನೆಗಡಿಯ ಬಗ್ಗೆ ಹೊಟ್ಟೆಕಿಚ್ಚು ಪಡಬಹುದೆಂದು ಅದಕ್ಕೆ ಮೊದಲು ನನಗೆ ತಿಳಿದಿರಲಿಲ್ಲ. ಕೊನೆಗೆ ಅವಳು ನನ್ನ ಪತ್ರ ಕೇಳಿದಳು. ತೋರಿಸಿದೆ. ಓದಿ, ನನ್ನ ಮಂಡಿಯ ಮೇಲೆ ಕೈಯಿಟ್ಟು, ಮುಂದಿನ ವರ್ಷ ನಿನಗೂ ಖಂಡಿತ ಸಿಗುತ್ತದೆ ಅಂದಳು. ತಾನು ಅಲ್ಲಿದ್ದುಕೊಂಡು ಪ್ರಾಧ್ಯಾಪಕರ ಹತ್ತಿರ ನನ್ನ ಬಗ್ಗೆ ಹೇಳುತ್ತಾಳಂತೆ. ಆ ಕೈ ಬೆಚ್ಚಗಿತ್ತು. ಅದನ್ನು ತಳ್ಳಿಬಿಡಬೇಕು ಅನ್ನಿಸಿತು. ತಳ್ಳಲಿಲ್ಲ.

ಸಂಜೆ ಐದರ ಹೊತ್ತಿಗೆ ಅವಳನ್ನು ಸ್ಟೇಷನ್ನಿಗೆ ಬಿಡಲು ಹೊರಟೆ. ಪಲ್ಲಾವರಂನಲ್ಲಿ ಶುಕ್ರವಾರವೆಂದರೆ ಸಂತೆ. ಹಳೆಯ ಫ್ಯಾನು, ಗುಲಾಬಿ ಸಸಿ, ಮೇಕೆಮರಿ, ಕಾಲು ಮುರಿದ ಕುರ್ಚಿ, ಯಾರದೋ ಮನೆಯ ದೇವರ ಪಟ, ಎಲ್ಲ ಮಣ್ಣಿನ ಮೇಲೆ ಹರಡಿ ಕೂತಿರುತ್ತಾರೆ. ಆ ಜನಜಂಗುಳಿಯಲ್ಲೂ ಅವಳು ಲಕೋಟೆಯನ್ನು ಚೀಲದಲ್ಲಿ ಇಡಲಿಲ್ಲ. ಸಹಿಯಿದ್ದ ಮುಖ್ಯ ಪತ್ರವನ್ನು ಮೇಲಿಟ್ಟುಕೊಂಡು ಓದುತ್ತ ನಡೆದಳು. ಅವಳಿಗೆ ಯಾರೂ ಢಿಕ್ಕಿ ಹೊಡೆಯದಂತೆ ಮುಂದೆ ದಾರಿ ಮಾಡುತ್ತಿದ್ದವಳು ನಾನು.

ರೈಲ್ವೆ ಗೇಟು ಹಾಕಿತ್ತು. ತಾಂಬರಂ ಕಡೆಯ ಲೋಕಲ್ ಗಾಡಿ ಹೋಗುವವರೆಗೆ ಕಾದೆವು. ಅದು ಹೋಯಿತು, ಗೇಟು ಏಳಲಿಲ್ಲ. ಅಲ್ಲಿ ಯಾರೂ ಗೇಟು ಏಳುವುದನ್ನು ಕಾಯುವುದಿಲ್ಲ. ಎಲ್ಲರೂ ಬಗ್ಗಿ ಒಳಗೆ ನುಗ್ಗಿದರು, ನಾವೂ ನುಗ್ಗಿದೆವು. ಮೊದಲಿನ ಎರಡು ಹಳಿ ದಾಟಿದರೆ ಆಚೆ ಎಕ್ಸ್‌ಪ್ರೆಸ್ ಗಾಡಿಗಳ ಹಳಿ. ನಾನು ಅವಳಿಗಿಂತ ಅರ್ಧ ಹೆಜ್ಜೆ ಮುಂದಿದ್ದೆ. ಅವಳು ತಲೆಯೆತ್ತದೆ ಕೇಳಿದಳು.

"ಏಯ್, ಅಂದ ಪಕ್ಕಂ ವಂಡಿ ವರುದಾ?"

ಆ ಕಡೆಯಿಂದ ಗಾಡಿ ಬರುತ್ತಿದೆಯಾ ಎಂದು.

ನಾನು ಅಂದೆ: "ಇಲ್ಲೆ."

ಅವಳು ಹೆಜ್ಜೆ ಇಟ್ಟಳು.

ಆಮೇಲಿನದು ನನಗೆ ಸರಿಯಾದ ಕ್ರಮದಲ್ಲಿ ಸಿಗುವುದಿಲ್ಲ. ಹಾರ್ನು ಕೇಳಿತು. ಎದೆಯ ಒಳಗಿನಿಂದ ಬಂದಂತೆ ಇತ್ತು. ಅವಳ ಜಡೆ ನೇರವಾಗಿ ಹಿಂದಕ್ಕೆ ಹೋದದ್ದು ಕಂಡಿತು. ಸೊಪ್ಪಿನ ಗಂಟು ಹೊತ್ತಿದ್ದ ಹೆಂಗಸೊಬ್ಬಳು ಗಂಟನ್ನು ಬಿಸಾಡಿ ಅವಳ ಜಡೆಗೇ ಕೈಹಾಕಿ ಎಳೆದಿದ್ದಳು. ಇಬ್ಬರೂ ಕಲ್ಲಿನ ಮೇಲೆ ಬಿದ್ದರು. ಆಮೇಲೆ ಗಾಡಿ, ಗಾಡಿ, ಗಾಡಿ. ಬಿಳಿಯ ಹಾಳೆಗಳು ಗಾಲಿಗಳ ಗಾಳಿಗೆ ಮೇಲೆದ್ದು ಕೆಳಗಿಳಿದು ಒಳಗೆ ಹೋದವು. ನಾನು ನಿಂತಲ್ಲೇ ನಿಂತಿದ್ದೆ. ನನ್ನ ಒಂದು ಕೈ ಮುಂದಕ್ಕೆ ಚಾಚಿತ್ತು. ಯಾವಾಗ ಚಾಚಿದೆ, ಹಿಡಿಯಲೋ ಬೇರೆ ಯಾವುದಕ್ಕೋ, ಅದೂ ನೆನಪಿಲ್ಲ.

ಗಾಡಿ ಹೋದ ಮೇಲೆ ಆ ಹೆಂಗಸು ಇಬ್ಬರಿಗೂ ಬೈದಳು. "ಕಣ್ಣು ತೆರಿಯಲ್ಲೆಯಾ? ಪಡಿಚ್ಚ ಪೊಣ್ಣುಂಗಳಾ ನೀಂಗ?" ಕಣ್ಣು ಕಾಣುವುದಿಲ್ಲವೇ, ಓದಿದ ಹುಡುಗಿಯರಂತೆ ನೀವು! ಬೈಯುತ್ತಲೇ ಚೆಲ್ಲಿದ ಸೊಪ್ಪು ಆರಿಸಿಕೊಂಡಳು. ನಾವು ಅವಳಿಗೆ ಸಹಾಯ ಮಾಡಲಿಲ್ಲ. ನಾನು ಹಳಿಗಳ ನಡುವೆ ಕೂತು ಹಾಳೆಗಳನ್ನು ಹೆಕ್ಕಿದೆ. ಹಾಸ್ಟೆಲ್ಲಿನ ನಕ್ಷೆ ಹೋಗಿತ್ತು. ಮುಖ್ಯ ಪತ್ರ ಜಲ್ಲಿಕಲ್ಲಿಗೆ ಅಂಟಿಕೊಂಡು ಸಿಕ್ಕಿತು. ಒಂದು ಮೂಲೆ ಹರಿದಿತ್ತು, ಸಹಿಯ ಮೇಲೆ ಹೆಬ್ಬೆರಳಗಲದ ಕಪ್ಪು ಎಣ್ಣೆಯ ಗೆರೆ ಎಳೆದಿತ್ತು.

ಅಷ್ಟರಲ್ಲಿ ಅವಳು ಹಳಿ ದಾಟಿ ಆಚೆ ಬದಿಯ ಸಿಮೆಂಟಿನ ಕಂಬಕ್ಕೆ ಒರಗಿ ಕೂತಿದ್ದಳು. ಮೊಣಕೈ ತರಚಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು. ಪತ್ರ ಕೊಟ್ಟೆ. ಅದನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ನೀ ಎನ್ನಡಿ ಸೊನ್ನೆ?"

ನೀನು ಏನಂದೆ. ಇದಕ್ಕೆ ಉತ್ತರ ಕೊಡಲು ನನಗೆ ಎಷ್ಟು ಹೊತ್ತು ಸಿಕ್ಕಿತೋ ಗೊತ್ತಿಲ್ಲ. ಬಹಳ ಸಿಕ್ಕಿರಲಾರದು.

"ಇಲ್ಲೆ ಬಂತು ಅಂದೆ," ಅಂದೆ.

ಓದುವವರಿಗೆ ಈ ಪದದ ಬಗ್ಗೆ ಹೇಳಬೇಕು. ತಮಿಳಿನವರು ಆಡುಮಾತಿನಲ್ಲಿ 'ಇಲ್ಲೆ' ಅಂದರೆ 'ಇಲ್ಲ'. ನಮ್ಮ ಧಾರವಾಡದ ಮನೆಗಳಲ್ಲಿ 'ಇಲ್ಲೆ' ಅಂದರೆ 'ಇಲ್ಲಿ'. ಇಲ್ಲೆ ಬಾ, ಇಲ್ಲೆ ಅದ, ಇಲ್ಲೆ ಬಂತು. ನಾನು ಅಂದದ್ದು ನಮ್ಮ ಮನೆಯ 'ಇಲ್ಲೆ' ಆಗಿದ್ದರೆ, ಅದರ ಹಿಂದೆಯೇ ಬರಬೇಕಾದ 'ಬಂತು' ಹಾರ್ನಿನಲ್ಲಿ ಮುಳುಗಿದ್ದರೆ, ನಾನು ಅವಳನ್ನು ಎಚ್ಚರಿಸಿದ್ದೆ. ಅವಳು ತಪ್ಪು ಭಾಷೆಯಲ್ಲಿ ಕೇಳಿಸಿಕೊಂಡಳು, ಅಷ್ಟೆ. ಅದು ತಮಿಳಿನ 'ಇಲ್ಲೆ' ಆಗಿದ್ದರೆ, ಗಾಡಿ ಇಲ್ಲ, ನಡಿ ಎಂದು ನಾನು ಹೇಳಿದ್ದೆ.

ಅವಳು ನಗಲು ಶುರುಮಾಡಿದಳು. ನಗುತ್ತ ಅತ್ತಳು. "ಅಯ್ಯೋ, ಕನ್ನಡ ಇಲ್ಲೆಯಾ! ನಾ ತಮಿಳ್ ಇಲ್ಲೆನ್ನು ನೆನಚ್ಚೇನ್ ಡಿ!" ತಮಿಳಿನ ಇಲ್ಲೆ ಅಂದುಕೊಂಡಿದ್ದಳಂತೆ. ನನ್ನ ಕುತ್ತಿಗೆಗೆ ಕೈ ಹಾಕಿದಳು. ಅವಳ ಕೂದಲಲ್ಲಿ ಸೊಪ್ಪಿನ ಎಲೆ ಸಿಕ್ಕಿತ್ತು. ತೆಗೆದು ಹಾಕಿದೆ.

ಆ ಸಂಜೆಯಿಂದ ಈ ಕಥೆ ಅವಳದಾಯಿತು. ಮುಂದಿನ ಭಾನುವಾರ ತ್ರಿಪ್ಲಿಕೇನ್‌ಗೆ ಹೋದಾಗ ಇಡೀ ವಠಾರಕ್ಕೆ ಅದು ಬಾಯಿಪಾಠವಾಗಿತ್ತು. ನನ್ನನ್ನು ಮಣೆಯ ಮೇಲೆ ಕೂರಿಸಿ ಅವಳ ಅಜ್ಜಿ ಕುಂಕುಮವಿಟ್ಟು ರವಿಕೆಯ ಕಣ ಕೊಟ್ಟರು.

"ಎನ್ ಕಣ್ಣೇ, ನೀ ಕೂಗದೆ ಇದ್ದಿದ್ರೆ ನಮ್ಮ ಹುಡುಗಿ ಗತಿ ಏನಾಗ್ತಿತ್ತು? ತಾಯಾರು, ಆ ಮಹಾಲಕ್ಷ್ಮಿಯೇ, ನಿನ್ನ ರೂಪದಲ್ಲಿ ಬಂದು ಕಾಪಾಡಿದಳು."

ಬ್ಯಾಂಕಿನಲ್ಲಿದ್ದ ಅವಳ ಸೋದರಮಾವ ಪತ್ರಿಕೆಯ ಹಿಂದಿನಿಂದ ಅಂದರು: "ಅಮ್ಮಾ, ಇನ್ನು ಮೇಲೆ ರೈಲು ಬಂದ್ರೆ ದಯವಿಟ್ಟು ಇಂಗ್ಲಿಷ್‌ನಲ್ಲೇ ಕೂಗು. ಎಲ್ಲರಿಗೂ ಕಾಮನ್!"

"ಇಂಗ್ಲಿಷ್‌ನಲ್ಲಿ ಕೂಗಿದ್ರೆ ಇವಳಿಗೆ ವೀಸಾ ನಂಬರ್ ಕೂಗಿದ್ರು ಅನ್ನಿಸಿ ಇನ್ನೂ ಜೋರಾಗಿ ಓಡ್ತಿದ್ಳು," ಅಂದರು ಅವಳ ಅಮ್ಮ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಪಕ್ಕದ ಮನೆಯವರು ಬಂದು ಅವಳ ಮೊಣಕೈ ನೋಡಿಹೋದರು. ಗಾಡಿ ಎಷ್ಟು ಹತ್ತಿರ ಬಂದಿತ್ತು ತೋರಿಸು ಅಂದರೆ ಅವಳು ಬಾಗಿಲಿನಿಂದ ತುಳಸಿಕಟ್ಟೆಗೆ ಅಳೆದು ತೋರಿಸುತ್ತಿದ್ದಳು. ಪ್ರತಿ ಸಲ ಒಂದು ಗೇಣು ಕಡಿಮೆಯಾಗುತ್ತಿತ್ತು. ಜಡೆ ಹಿಡಿದು ಎಳೆದ ಹೆಂಗಸು ಕಥೆಯಲ್ಲಿ ಹಿಂದೆ ಸರಿದಿದ್ದಳು. ನಾಚಿಕೆ ಬಿಟ್ಟು ಹೇಳುತ್ತೇನೆ: ಅಲ್ಲಿ ಕಣವನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ನನಗೆ ಭಯವೋ ಪಶ್ಚಾತ್ತಾಪವೋ ಆಗುವುದಕ್ಕೆ ಮೊದಲು ಅಸೂಯೆಯಾಯಿತು. ವಿದ್ಯಾರ್ಥಿವೇತನ ಅವಳದು, ಇಂಗ್ಲೆಂಡು ಅವಳದು. ಈಗ ಸಾವಿನಿಂದ ಪಾರಾದದ್ದೂ ಅವಳದೇ. ಅದೇ ಹಳಿಯ ಅಂಚಿನಲ್ಲಿ ಅರ್ಧ ಹೆಜ್ಜೆ ಮುಂದೆ ನಿಂತಿದ್ದವಳು ನಾನು. ನನ್ನ ಮೊಣಕೈ ನೋಡಲು ಯಾರೂ ಬರಲಿಲ್ಲ.

ಭಯ ಆಮೇಲೆ ಬಂತು, ಬಂದು ಉಳಿಯಿತು. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಚೀಟಿ ತೆಗೆದುಕೊಳ್ಳುವಾಗ, ಆ ಹೆಜ್ಜೆ ಮತ್ತೆ ಮತ್ತೆ ಬೀಳುತ್ತಿತ್ತು. ಕೆಲವು ಸಲ ಹೆಂಗಸಿನ ಕೈಗೆ ಜಡೆ ಸಿಗುತ್ತಿರಲಿಲ್ಲ. ನಾನು ವಿಜ್ಞಾನ ಓದಿದವಳು, ಪರೀಕ್ಷಿಸಿ ನೋಡಬಹುದು ಅಂದುಕೊಂಡೆ. ಒಂದು ಮಧ್ಯಾಹ್ನ ಒಬ್ಬಳೇ ಗೇಟಿನ ಹತ್ತಿರ ಹೋಗಿ, ಅಂದು ನಿಂತಲ್ಲೇ ನಿಂತೆ. ಅಲ್ಲಿಂದ ಹಳಿ ಪಕ್ಕದ ಸ್ಟೇಷನ್ನಾದ ತಿರುಸೂಲಂ ಕಡೆಗೆ ನೆಟ್ಟಗೆ ಕಾಣುತ್ತದೆ. ಅಡ್ಡ ಏನೂ ಇಲ್ಲ. ತಲೆಯೆತ್ತಿದ್ದವರಿಗೆ ಗಾಡಿ ಕಾಣದೆ ಇರುವುದಿಲ್ಲ. ನನ್ನ ತಲೆ ಎತ್ತಿತ್ತೇ? ನೆನಪಿನಲ್ಲಿ ನನಗೆ ಕಾಣುವುದು ಗಾಡಿಯಲ್ಲ, ಅವಳ ಕೈಯಲ್ಲಿದ್ದ ಪತ್ರದ ತಲೆಬರಹ. ನೀಲಿ ಬಣ್ಣದ, ಕೈಯಿಂದ ತಡವಿದರೆ ಉಬ್ಬು ಸಿಗುವ ಅಕ್ಷರಗಳು.

ಇನ್ನೊಂದೂ ಇತ್ತು. ಮನೆಯೊಳಗೆ ಅವ್ವನ ಮುಂದೆ ನಾನು ಅವಳ ಜೊತೆ ಕನ್ನಡ ಬೆರೆಸುತ್ತಿದ್ದೆ. ಬೀದಿಗೆ ಬಂದರೆ ನಾವಿಬ್ಬರೂ ತಮಿಳೇ. ಐದು ವರ್ಷಗಳ ಗೆಳೆತನದಲ್ಲಿ ಬೀದಿಯಲ್ಲಿ ಅವಳು ತಮಿಳಿನಲ್ಲಿ ಕೇಳಿದ ಪ್ರಶ್ನೆಗೆ ನಾನು ಕನ್ನಡದಲ್ಲಿ ಉತ್ತರ ಕೊಟ್ಟದ್ದು ಒಂದು ಸಲವೂ ನೆನಪಾಗಲಿಲ್ಲ. ಗಾಬರಿಯಾದಾಗ ಮನೆಯ ಮಾತು ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಗಾಬರಿಯಾಗಬೇಕಾದರೆ ಗಾಡಿ ಕಂಡಿರಬೇಕಲ್ಲ. ಕಂಡಿದ್ದರೆ ಕೈ ಹಿಡಿದು ಎಳೆಯಬಹುದಿತ್ತಲ್ಲ. ಎಲ್ಲಿಂದ ಶುರುಮಾಡಿದರೂ ಇಲ್ಲಿಗೇ ಬಂದು ನಿಲ್ಲುತ್ತಿದ್ದೆ.

ವಿಶ್ವವಿದ್ಯಾಲಯಕ್ಕೆ ಇನ್ನೊಂದು ಪತ್ರ ಕಳಿಸಿರೆಂದು ಬರೆದು, ಅದು ಬರುವಷ್ಟರಲ್ಲಿ ವೀಸಾದ ಸಂದರ್ಶನದ ದಿನ ದಾಟಿಹೋಗುತ್ತಿತ್ತು. ಕೋರ್ಸು ಶುರುವಾಗುವ ಹೊತ್ತಿಗೆ ಅಲ್ಲಿ ಇರದಿದ್ದರೆ ಆ ವರ್ಷದ ವಿದ್ಯಾರ್ಥಿವೇತನ ಕಾಯುವ ಪಟ್ಟಿಯಲ್ಲಿರುವವರಿಗೆ ಹೋಗುತ್ತದೆಂದು ಆ ಪತ್ರದಲ್ಲೇ ಬರೆದಿತ್ತು. ಆ ಪಟ್ಟಿಯಲ್ಲಿ ನನ್ನ ಹೆಸರು ಇರಬಹುದೇ? ತೆಳ್ಳಗಿನ ಪತ್ರವನ್ನು ಮತ್ತೆ ತೆಗೆದು ಓದಿದೆ. ಅಂಥ ಒಂದು ಮಾತೂ ಇರಲಿಲ್ಲ. ಆದರೂ ಓದಿದೆ, ಎರಡು ಸಲ.

ಹೀಗಾಗಿ ಅವಳು ಎಣ್ಣೆಗೆರೆಯ ಪತ್ರವನ್ನೇ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಸಂದರ್ಶನಕ್ಕೆ ಹೋಗಬೇಕಾಯಿತು. ನೀನೂ ಬಾ ಅಂದಳು. ನೀನು ಪಕ್ಕದಲ್ಲಿದ್ದರೆ ಧೈರ್ಯ ಅಂದಳು. ಬೆಳಿಗ್ಗೆ ಏಳಕ್ಕೆ ಅವಳು, ಅವಳ ಅಮ್ಮ, ನಾನು ವೀಸಾ ಕಚೇರಿಯ ಎದುರಿನ ಪಾದಚಾರಿ ಹಾದಿಯಲ್ಲಿ ಸಾಲು ನಿಂತೆವು. ಮುಂದೆ ನಿಂತಿದ್ದ ಹುಡುಗನೊಬ್ಬ ತನ್ನ ಊರಿನ ಹೆಸರನ್ನು ಇಂಗ್ಲಿಷರ ಉಚ್ಚಾರದಲ್ಲಿ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದ. ಒಳಗೆ ಅರ್ಜಿದಾರರಿಗೆ ಮಾತ್ರ ಪ್ರವೇಶ. ಅವಳು ಹೋದ ಮೇಲೆ ಅವಳ ಅಮ್ಮ ರಸ್ತೆಯ ಆಚೆಯ ಬೇವಿನ ಮರದ ಕೆಳಗೆ ಸೆರಗು ಹಾಸಿ ಕೂತು ವಿಷ್ಣುಸಹಸ್ರನಾಮ ಹೇಳತೊಡಗಿದರು.

"ನೀನೂ ಹೇಳಮ್ಮಾ. ನಿನ್ನ ಬಾಯಿಂದ ಬಂದ ಮಾತು ಅವಳಿಗೆ ಒಳ್ಳೇದೇ ಮಾಡಿದೆ."

ಅವರ ಜೊತೆ ತುಟಿ ಆಡಿಸಿದೆ. ಪಾಸ್‌ಪೋರ್ಟನ್ನು ಅಲ್ಲೇ ಇಟ್ಟುಕೊಂಡರೆ ವೀಸಾ ಆಯಿತೆಂದು, ಕೈಗೆ ವಾಪಸು ಕೊಟ್ಟರೆ ಇಲ್ಲವೆಂದು ಸಾಲಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಬಾಗಿಲು ತೆರೆದಾಗಲೆಲ್ಲ ಎಲ್ಲರ ಕಣ್ಣು ಹೊರಬಂದವರ ಕೈಗೆ ಹೋಗುತ್ತಿತ್ತು. ಅವಳ ಕೈಯಲ್ಲಿ ಆ ಪುಸ್ತಕ ಕಾಣಲಿ ಎಂದು ನಾನು ಬಯಸಿದೆನೋ ಇಲ್ಲವೋ ಎಂದು ಕೇಳಿದರೆ, ಇದಕ್ಕೆ ಮಾತ್ರ ನನ್ನ ಹತ್ತಿರ ಸಂದೇಹವಿಲ್ಲದ ಉತ್ತರ ಇದೆ. ಬಯಸಿದೆ. ಅದೂ ದೇವರ ಸಾವಿರ ಹೆಸರುಗಳ ನಡುವೆ ತುಟಿ ಆಡಿಸುತ್ತ.

ಅವಳು ಖಾಲಿ ಕೈಯಲ್ಲಿ ಬಂದಳು.

ಅವಳ ಅಮ್ಮ ಎದ್ದು ಓಡಿದರು. ಅವಳು ಅಮ್ಮನನ್ನು ತಬ್ಬಿ, ಆಮೇಲೆ ನನ್ನ ಎರಡೂ ಕೈ ಹಿಡಿದು ಕುಣಿದಳು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಅಧಿಕಾರಿ ಪತ್ರವನ್ನು ಬೆಳಕಿಗೆ ಹಿಡಿದು ನೋಡಿದನಂತೆ, ಸಹಿಯ ಮೇಲೆ ಇದೇನು ಅಂದನಂತೆ. ಸಹಿ ತಿದ್ದಿದ್ದಾರೆಂದು ಅವನಿಗೆ ಅನುಮಾನ. ಆಗ ಇವಳು ರೈಲಿನ ಕಥೆ ಹೇಳಿದಳಂತೆ: ನನ್ನ ಗೆಳತಿ ತನ್ನ ಮನೆಮಾತಿನಲ್ಲಿ 'ಇಲ್ಲಿ ಬಂತು' ಅಂದಳು, ನನಗೆ ನನ್ನ ಬೀದಿಯ ಭಾಷೆಯಲ್ಲಿ 'ಇಲ್ಲ' ಎಂದು ಕೇಳಿಸಿತು ಎಂದು. ಅವನು ಪೆನ್ನು ಕೆಳಗಿಟ್ಟು ನಕ್ಕನಂತೆ. ಆ ಪದವನ್ನು ಎರಡು ಸಲ ಅವಳ ಬಾಯಲ್ಲಿ ಹೇಳಿಸಿಕೊಂಡನಂತೆ. ಏನೋ ಬರೆದುಕೊಂಡು, ಅಲ್ಲಿ ರಸ್ತೆ ದಾಟುವಾಗ ಇಂಗ್ಲಿಷನ್ನೇ ನಂಬು ಎಂದು ಪಾಸ್‌ಪೋರ್ಟ್ ಇಟ್ಟುಕೊಂಡನಂತೆ.

"ಉನ್ನಾಲೆದಾನ್ ಡಿ!" ಅಂದಳು. ಎಲ್ಲ ನಿನ್ನಿಂದಲೇ.

ಅವಳ ಅಮ್ಮ ಆಟೋದವನ ಹತ್ತಿರ ಮಾತಾಡಲು ಹೋದರು. ನಾವಿಬ್ಬರೇ ಬೇವಿನ ಮರದ ಕೆಳಗೆ ಉಳಿದೆವು. ಅಷ್ಟು ದಿನ ಒಳಗೆ ಇಟ್ಟುಕೊಂಡದ್ದನ್ನು ಆಗಲೇ ಯಾಕೆ ಹೇಳಿದೆ? ಸತ್ಯದ ಮೇಲಿನ ಪ್ರೀತಿಯಿಂದ ಎಂದು ಬಹಳ ವರ್ಷ ನಂಬಿದ್ದೆ. ಅವಳ ಆ ಕುಣಿತವನ್ನು ನಿಲ್ಲಿಸಬೇಕಿತ್ತು, ಅಷ್ಟೆ.

"ಎರಡನೇ ಮಾತು ನಾ ಅಂದಿದ್ದಿಲ್ಲ," ಅಂದೆ. "ಬಂತು ಅಂತ ಅನಲೇ ಇಲ್ಲ."

"ಎನ್ನಡಿ ಉಳರ್ರೆ?" ಏನು ಬಡಬಡಿಸುತ್ತೀ ಎಂದು ಅವಳು ಇನ್ನೂ ನಗುತ್ತಿದ್ದಳು.

"ಇಲ್ಲೆ ಅಂದದ್ದಷ್ಟ. ಯಾವ ಭಾಷಾದಾಗ ಅಂದೆ ಅನ್ನೋದು ನನಗ ಗೊತ್ತಿಲ್ಲ."

ನಗು ಅವಳ ಮುಖದಿಂದ ಒಮ್ಮೆಗೇ ಹೋಗಲಿಲ್ಲ. ಬಾಯಿಯಲ್ಲಿ ಉಳಿದು ಕಣ್ಣಿನಿಂದ ಮೊದಲು ಹೋಯಿತು. "ವಂಡಿಯೆ ಪಾತ್ತಿಯಾ?" ಗಾಡಿ ನೋಡಿದೆಯಾ?

"ನಿನ್ನ ಕೈಯಾಗಿನ ಕಾಗದಾ ನೋಡಾಕತ್ತಿದ್ದೆ."

ಇದಕ್ಕಿಂತ ಪೂರ್ತಿಯಾಗಿ ನಾನು ಹೇಳಲು ಸಾಧ್ಯವಿರಲಿಲ್ಲ. ಅವಳಿಗೆ ಅರ್ಥವಾಯಿತು. ನಾಲ್ಕು ಹೆಜ್ಜೆ ಆಚೆ ಅವಳ ಅಮ್ಮ ಆಟೋದವನಿಗೆ, ತ್ರಿಪ್ಲಿಕೇನ್ ಅಂದರೆ ಏನು ತಿರುಪತಿಯಾ ಎಂದು ಜಗಳ ಮಾಡುತ್ತಿದ್ದರು. ಅವಳು ಪ್ಲಾಸ್ಟಿಕ್ ಕವರನ್ನು ಎದೆಗೆ ಒತ್ತಿಕೊಂಡಳು. ಕಚೇರಿಯ ಬಾಗಿಲನ್ನು ಒಮ್ಮೆ ನೋಡಿದಳು, ಒಳಗಿನವರಿಗೆ ನಮ್ಮ ಮಾತು ಕೇಳಿಸೀತೆಂಬಂತೆ.

"ಸೊಲ್ಲಾದೆ," ಅಂದಳು. ಹೇಳಬೇಡ. ದನಿ ಬಹಳ ಮೆಲ್ಲಗಿತ್ತು. "ಉಳ್ಳೆ ಎಲ್ಲಾಂ ಸೊಲ್ಲಿಟ್ಟೇನ್. ಅವನ್ ಎಳುದಿಕ್ಕಿಟ್ಟಾನ್. ಇನಿಮೇ ಅದುದಾನ್ ನಡಂದದು."

ಒಳಗೆ ಎಲ್ಲ ಹೇಳಿಬಿಟ್ಟಿದ್ದೇನೆ, ಅವನು ಬರೆದುಕೊಂಡಿದ್ದಾನೆ, ಇನ್ನು ಮೇಲೆ ನಡೆದದ್ದು ಅದೇ.

ಆಟೋ ಒಪ್ಪಿಕೊಂಡಿತು. ಅವಳ ಅಮ್ಮ ನನ್ನನ್ನೂ ಹತ್ತು ಅಂದರು, ಮನೆಗೆ ಬಂದು ಊಟ ಮಾಡಿ ಹೋಗು, ಪಾಯಸ ಮಾಡ್ತೀನಿ ಅಂದರು. ಅವಳು ನನ್ನ ಪರವಾಗಿ ತಾನೇ ಹೇಳಿದಳು, ಇವಳಿಗೆ ತಲೆನೋವಂತೆ ಎಂದು. ನಾನು ಅಲ್ಲಿಂದ ಅಡ್ಯಾರ್ ಕಡೆಯ ಬಸ್ಸು ಹತ್ತಿದೆ. ಅದು ನಮ್ಮ ಮನೆಯ ದಾರಿಯೇ ಅಲ್ಲ ಎಂದು ಗೊತ್ತಾದದ್ದು ಸೇತುವೆ ದಾಟಿದ ಮೇಲೆ.

ಹೋಗುವ ಮುಂಚೆ ಅವಳು ಒಮ್ಮೆ ಫೋನ್ ಮಾಡಿದಳು, ಮೂಲೆಯ ಅಂಗಡಿಗೆ. ವಿಮಾನ ಹೊತ್ತಲ್ಲದ ಹೊತ್ತಿಗೆ ಇದೆ, ನೀನು ಬರುವುದು ಬೇಡ, ಮನೆಯವರೇ ತುಂಬ ಜನ ಇದ್ದಾರೆ ಅಂದಳು. ಸರಿ ಅಂದೆ. ಸ್ವೆಟರ್ ಕೊಂಡೆಯಾ ಎಂದು ಕೇಳಿದೆ. ಕೊಂಡೆ ಅಂದಳು. ಯಾವ ಬಣ್ಣ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಂಗಡಿಯವನು ಗಡಿಯಾರ ನೋಡುತ್ತಿದ್ದ.

ಮುಂದಿನ ವರ್ಷ ನಾನು ಅರ್ಜಿ ತರಿಸಲಿಲ್ಲ. ಅಡ್ಯಾರ್‌ನ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಇಂಗ್ಲೆಂಡಿನಿಂದ ಅವಳ ಎರಡು ಕಾಗದ ಬಂದವು. ಎರಡರಲ್ಲೂ ಹವೆಯ ವಿಷಯವೇ ಇತ್ತು. ಗೇಟಿನ ವಿಷಯ ಇರಲಿಲ್ಲ, ಪ್ರಾಧ್ಯಾಪಕರ ಹತ್ತಿರ ನನ್ನ ಬಗ್ಗೆ ಹೇಳುವ ವಿಷಯವೂ ಇರಲಿಲ್ಲ. ಅವಳು ಅಲ್ಲಿಯೇ ಉಳಿದಳೆಂದು, ಆ ರೈಲಿನ ಕಥೆಯನ್ನು ಅಲ್ಲಿನ ಗೆಳೆಯರಿಗೆ ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಹೇಳುತ್ತಾಳೆಂದು ಯಾರಿಂದಲೋ ಕೇಳಿದೆ. ಹೇಳಬಲ್ಲಳು. ಅವಳಿಗೆ ಅಂದು ಏನಾಯಿತೆಂದು ಗೊತ್ತಿದೆ. ಬರೆದಿಟ್ಟ ಸಾಕ್ಷಿಯೂ ಇದೆ. ನನಗೆ ಇಂದಿಗೂ ಗೊತ್ತಿಲ್ಲ. ಅವಳ ಮೇಲೆ ನನಗೆ ಉಳಿದಿರುವ ಹೊಟ್ಟೆಕಿಚ್ಚು ಇದೊಂದೇ, ಮತ್ತು ಇದು ಉಳಿದ ಎಲ್ಲಕ್ಕಿಂತ ಹೆಚ್ಚು.

ಅವಳು ಹೊರಟ ದಿನ ಅವ್ವ ಅಂದಳು: "ವಿಮಾನದ ಸ್ಟೇಷನ್ನು ನಮ್ಮ ಮನಿ ಹತ್ತಿರನ ಅದಲ್ಲವಾ. ಹೋಗೂದರಾಗ ಒಂದು ಗಳಿಗಿ ಬಂದು ಹೋಗತಾಳೇನೋ. ಚಕ್ಕುಲಿ ಕಟ್ಟಿಟ್ಟೇನಿ."

ತ್ರಿಪ್ಲಿಕೇನ್‌ನಿಂದ ಬರುವವರಿಗೆ ವಿಮಾನ ನಿಲ್ದಾಣ ನಮಗಿಂತ ಒಂದು ಸ್ಟೇಷನ್ ಮೊದಲೇ ಸಿಗುತ್ತದೆ ಎಂದು ಅವ್ವನಿಗೆ ಹೇಳಿದೆ. ಪಲ್ಲಾವರಂವರೆಗೆ ಯಾರೂ ಬರಬೇಕಾಗಿಲ್ಲ.